ಯಾರಿಗೂ ಬೇಡವಾದವನ ವಕೀಲ

‘ಬಾಸ್ಟನ್ ಲೀಗಲ್’ ನೋಡಿದವರ ಜೊತೆ ಮಾತಿಗೆ ಕೂತರೆ ‘ದಿ ಕೋರ್ಟ್ ಸುಪ್ರೀಂ’ ಎಪಿಸೋಡ್ ಬಂದೇ ಬರುತ್ತದೆ. ನಾಲ್ಕನೇ ಸೀಸನ್ನಿನದು, 2008ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಬಂದಿದ್ದು. ಎಲ್ಲರೂ ಹೊಗಳುವುದು ಅದರಲ್ಲಿ ವಕೀಲ ಅಲನ್ ಶೋರ್ ಸುಪ್ರೀಂ ಕೋರ್ಟ್ ಜಡ್ಜ್‌ಗಳ ಮುಖಕ್ಕೇ ಹೇಳುವ ಮಾತುಗಳನ್ನು. ನನಗೆ ಆ ಎಪಿಸೋಡ್ ದೊಡ್ಡದು ಅನ್ನಿಸುವುದು ಬೇರೆ ಕಾರಣಕ್ಕೆ. ಅವನು ಅಲ್ಲಿ ಯಾರ ಪರವಾಗಿ ನಿಂತಿದ್ದಾನೆ ನೋಡಿ.

ನೋಡದವರಿಗೆ ಎರಡು ಮಾತು. ಇದು 2004ರಿಂದ 2008ರವರೆಗೆ ಬಂದ ಸೀರಿಯಲ್. ಬರೆದು ಕಟ್ಟಿದ ಡೇವಿಡ್ ಇ. ಕೆಲ್ಲಿ ಸ್ವತಃ ಬಾಸ್ಟನ್‌ನಲ್ಲಿ ವಕೀಲಿಕೆ ಮಾಡಿದವರು. ಕಥೆಯ ಲಾ ಫರ್ಮ್‌ನಲ್ಲಿ ಇರುವವರೆಲ್ಲ ಒಂದೊಂದು ಥರದ ವಿಚಿತ್ರದವರೇ. ಡೆನ್ನಿ ಕ್ರೇನ್ (ವಿಲಿಯಂ ಶಾಟ್ನರ್) ಮಾತುಮಾತಿಗೂ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಹಿರಿಯ ವಕೀಲ, ನಿಧಾನವಾಗಿ ನೆನಪು ಕಳೆದುಕೊಳ್ಳುತ್ತಿದ್ದಾನೆ. ಜೆರ್ರಿ ಎಸ್ಪೆನ್ಸನ್ ಕೈಗಳನ್ನು ತೊಡೆಗೆ ಅಂಟಿಸಿಕೊಂಡೇ ನಡೆಯುತ್ತಾನೆ. ಜೇಮ್ಸ್ ಸ್ಪೇಡರ್ ಮಾಡಿದ ಅಲನ್ ಶೋರ್‌ಗೆ ನಾಲಿಗೆಯೇ ಆಸ್ತಿ. ಬಹುತೇಕ ಪ್ರತಿ ಎಪಿಸೋಡ್‌ನ ಕೊನೆಗೆ ಅಲನ್ ಮತ್ತು ಡೆನ್ನಿ ಬಾಲ್ಕನಿಯಲ್ಲಿ ಸಿಗಾರ್ ಹಚ್ಚಿಕೊಂಡು, ಸ್ಕಾಚ್ ಹಿಡಿದು ಕೂರುತ್ತಾರೆ. ಇಷ್ಟು ನಗಿಸುವ ಸೀರಿಯಲ್ ಇದು.

ಇಂಥ ಸೀರಿಯಲ್ ಆ ವಾರ ಎತ್ತಿಕೊಂಡ ಕೇಸು ಯಾವುದು ಗೊತ್ತಾ? ಲೂಸಿಯಾನಾ ರಾಜ್ಯದ ಲಿಯೊನಾರ್ಡ್ ಸೆರ್ರಾ ಎಂಬ ಕೈದಿ. ಬುದ್ಧಿಮಟ್ಟ ಕಡಿಮೆ. ಒಂದು ಪುಟ್ಟ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಅವನಿಗೆ ಮರಣದಂಡನೆ ಆಗಿದೆ. ಕೊಲೆ ಮಾಡಿಲ್ಲ. ಹಾಗಾದರೆ ಅವನ ಜೀವ ತೆಗೆಯಬಹುದೇ ಎನ್ನುವುದು ಪ್ರಶ್ನೆ.

ಬರೆಯುವವರಿಗೆ ಸುಲಭದ ದಾರಿ ಬೇಕಿದ್ದರೆ ಒಬ್ಬ ನಿರಪರಾಧಿಯನ್ನು ತಂದು ನಿಲ್ಲಿಸಬಹುದಿತ್ತು. ನಾವೆಲ್ಲ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದೆವು. ಕೆಲ್ಲಿ ಹಾಗೆ ಮಾಡಲಿಲ್ಲ. ಹೆಸರು ಕೇಳಿದರೇ ಮೈ ಉರಿಯುವಂಥ ಕಕ್ಷಿದಾರನನ್ನು ಕೊಟ್ಟು, ಈಗ ಕೂತು ಕೇಳಿ ಅಂದರು. ಅದಕ್ಕೇ ಅವರ ಮೇಲೆ ನನಗೆ ಗೌರವ.

ಇನ್ನು ಆ ವಾದದ ಬಗ್ಗೆ. ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಇಂಥ ಕೇಸಿನಲ್ಲಿ ಒಂದೊಂದು ಕಡೆಗೆ ಸಾಮಾನ್ಯವಾಗಿ ಸಿಗುವುದು 30 ನಿಮಿಷ. ಕ್ಯಾಮೆರಾಗೆ ಪ್ರವೇಶವಿಲ್ಲ. ವಕೀಲರ ಮೇಜಿನ ಮೇಲೆ ಹೆಬ್ಬಾತಿನ ಗರಿಯ ಬಿಳಿ ಪೆನ್ನು ಇಟ್ಟಿರುತ್ತಾರೆ, ಮನೆಗೆ ಒಯ್ಯಬಹುದು. ಎದುರಿನ ಸಣ್ಣ ದೀಪ ಬಿಳಿಯಾದರೆ ಐದು ನಿಮಿಷ ಉಳಿದಿದೆ ಅಂತ, ಕೆಂಪಾದರೆ ಮಾತು ನಿಲ್ಲಿಸಬೇಕು. ಸೀರಿಯಲ್‌ನವರು ಆಗಿನ ಜಡ್ಜ್‌ಗಳನ್ನೇ ಹೋಲುವ ನಟರನ್ನು ಹುಡುಕಿ ಪೀಠದ ಮೇಲೆ ಕೂರಿಸಿದರು. ಅವರ ಮುಂದೆ ನಿಂತ ಅಲನ್, ನೀವು ದೊಡ್ಡ ಕಂಪನಿಗಳ ಪರ ವಾಲಿದ್ದೀರಿ ಅಂತ ಶುರು ಹಚ್ಚಿಕೊಳ್ಳುತ್ತಾನೆ. ಕೇಳೋಕೆ ಖುಷಿಯಾಗುತ್ತದೆ, ನಿಜ. ಆದರೆ ಅಷ್ಟು ಹೊತ್ತು ಪಾಪದ ಸೆರ್ರಾ ಎಲ್ಲಿ ಹೋದ? ಜೀವ ಹೋಗುವ ಕೇಸಿನಲ್ಲಿ ಜಡ್ಜ್‌ಗಳನ್ನು ಬೈಯುತ್ತಾ ಕಳೆದ ಒಂದೊಂದು ನಿಮಿಷವೂ ಕಕ್ಷಿದಾರನ ಪಾಲಿನದು. ನನ್ನ ತಕರಾರು ಇದು.

ಯಾಕೆಂದರೆ ಹೇಳಲು ಗಟ್ಟಿ ವಾದಗಳಿದ್ದವು. ಎಪಿಸೋಡ್ ಬಂದ ಅದೇ ಏಪ್ರಿಲ್‌ನಲ್ಲಿ, 16ನೇ ತಾರೀಕು, ನಿಜವಾದ ಸುಪ್ರೀಂ ಕೋರ್ಟ್‌ನಲ್ಲಿ ಇದೇ ಪ್ರಶ್ನೆಯ ಮೇಲೆ ವಾದ ನಡೆದಿತ್ತು. ಕೆನಡಿ ವರ್ಸಸ್ ಲೂಸಿಯಾನಾ ಕೇಸು. ಅಲ್ಲಿ ಮಗುವಿಗೆ ಎಂಟು ವರ್ಷ, ಅಪರಾಧಿ ಮನೆಯವನೇ. ಜೂನ್ 25ರಂದು 5–4ರ ತೀರ್ಪು ಬಂತು: ಸಂತ್ರಸ್ತೆಯ ಜೀವ ಹೋಗದ, ಜೀವ ತೆಗೆಯುವ ಉದ್ದೇಶವೂ ಇಲ್ಲದ ಕೇಸಿನಲ್ಲಿ ಮಗುವಿನ ಅತ್ಯಾಚಾರಕ್ಕೆ ಮರಣದಂಡನೆ ಕೊಡುವಂತಿಲ್ಲ. ತೀರ್ಪು ಬರೆದ ಜಸ್ಟಿಸ್ ಆಂಟನಿ ಕೆನಡಿ (ಅಪರಾಧಿಯ ಹೆಸರೂ ಕೆನಡಿಯೇ, ಇವರು ಬೇರೆ) ಕೊಟ್ಟ ಕಾರಣಗಳನ್ನು ಓದಬೇಕು. ಗಲ್ಲಿನ ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟೂ ಕಾಲ ಆ ಮಗು ಆದದ್ದನ್ನು ಮತ್ತೆ ಮತ್ತೆ ಹೇಳುತ್ತಿರಬೇಕು. ಪುಟ್ಟ ಮಕ್ಕಳ ಸಾಕ್ಷ್ಯದಲ್ಲಿ ಬೇರೆಯವರು ತುಂಬಿದ ಮಾತು ಸೇರುವ ಅಪಾಯವಿದೆ. ಅಪರಾಧಿ ಸ್ವಂತ ಮನೆಯವನಾದರೆ, ಅವನು ನೇಣಿಗೆ ಹೋಗುತ್ತಾನಲ್ಲ ಅಂತ ಮನೆಯವರು ಬಾಯಿ ಮುಚ್ಚಿಕೊಳ್ಳಬಹುದು. ಎಲ್ಲಕ್ಕಿಂತ ಭಯದ್ದು ಇದು: ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ, ಮಗುವನ್ನು ಜೀವಂತ ಬಿಡಲು ಆ ಪಾಪಿಗೆ ಏನು ಕಾರಣ ಉಳಿಯುತ್ತದೆ?

ಈ ಕೊನೆಯ ಮಾತನ್ನು ಸ್ಪೇಡರ್ ಬಾಯಲ್ಲಿ ಕೇಳಬೇಕಿತ್ತು ನಾನು. ಅವರು ದನಿ ತಗ್ಗಿಸಿ ಹೇಳಿದ್ದರೆ ಕೂತಲ್ಲೇ ನಡುಗಿಬಿಡುತ್ತಿದ್ದೆವು.

ನಮ್ಮಲ್ಲಿ 2018ರಲ್ಲಿ ಕಾನೂನು ಇದಕ್ಕೆ ವಿರುದ್ಧ ದಿಕ್ಕಿಗೆ ಹೋಯಿತು. 12 ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಗಲ್ಲು ಶಿಕ್ಷೆಯನ್ನೂ ಕೊಡಬಹುದು ಅಂತ ತಿದ್ದುಪಡಿಯಾಯಿತು. ಆಗ ಇದ್ದ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ನಮ್ಮಲ್ಲೂ ಆರೋಪಿ ಬಹುಪಾಲು ಮಗುವಿಗೆ ಗೊತ್ತಿದ್ದವನೇ, ಅಲ್ವಾ? ಮೇಲಿನ ನಾಲ್ಕು ಕಾರಣಗಳನ್ನು ನಮ್ಮ ಊರಿಗೆ ಇಟ್ಟು ನೋಡಿ. ಒಂದಾದರೂ ಸುಳ್ಳಾಗುತ್ತದಾ?

ಆದರೆ ಈ ಎಪಿಸೋಡ್ ನೆನಪಾದಾಗೆಲ್ಲ ನನ್ನನ್ನು ಕಾಡುವುದು ನಮ್ಮ ವಕೀಲರ ಸಂಘಗಳು. ಏನಾದರೂ ದೊಡ್ಡ ಕೇಸಾದರೆ ಮಾರನೇ ದಿನವೇ ಪೇಪರಿನಲ್ಲಿ ಸುದ್ದಿ: ‘ಆರೋಪಿ ಪರ ವಕಾಲತ್ತು ವಹಿಸದಿರಲು ನಿರ್ಣಯ’. 2010ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಇಂಥ ನಿರ್ಣಯಗಳು ಕಾನೂನುಬಾಹಿರ, ವೃತ್ತಿಧರ್ಮಕ್ಕೆ ವಿರುದ್ಧ ಅಂತ ಖಡಾಖಂಡಿತವಾಗಿ ಹೇಳಿದೆ. ಆದರೂ ನಿಂತಿಲ್ಲ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಲ್ಲಿನ ವಕೀಲರ ಸಂಘ ಹೀಗೇ ನಿರ್ಣಯ ಮಾಡಿತು. ಹೈಕೋರ್ಟ್ ಗದರಿಸಬೇಕಾಯಿತು. ಜಾಮೀನು ಅರ್ಜಿ ಹಾಕಲು ಬೆಂಗಳೂರಿನಿಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡ ಕೋರ್ಟಿಗೆ ಹೋಗಬೇಕಾಯಿತು. ಒಂದು ಅರ್ಜಿ ಹಾಕೋಕೆ! ಆರೋಪ ಎಷ್ಟೇ ಗಂಭೀರವಾಗಿರಲಿ, ಪಕ್ಕದಲ್ಲಿ ವಕೀಲನೇ ಇಲ್ಲದ ವಿಚಾರಣೆಯನ್ನು ನಾನು ವಿಚಾರಣೆ ಅಂತ ಒಪ್ಪುವುದಿಲ್ಲ.

ಅಲನ್ ಶೋರ್ ಸಾಧು ಮನುಷ್ಯನೇನಲ್ಲ. ಹೆಂಗಸರ ಜೊತೆ ಅವನ ನಡವಳಿಕೆ ಇವತ್ತು ನೋಡಿದರೆ ಕಸಿವಿಸಿಯಾಗುತ್ತದೆ. ಆ ಸೀರಿಯಲ್‌ನ ಬಹಳಷ್ಟು ನಗು ಈಗ ಹಳಸಿದೆ. ಆದರೆ ಊರೆಲ್ಲ ಕಲ್ಲು ಹಿಡಿದು ನಿಂತಿರುವಾಗ ಅಡ್ಡ ಹೋಗಿ ನಿಲ್ಲುವವನು ಊರಿನ ಮೆಚ್ಚುಗೆ ಕಾಯುವವನಾಗಿದ್ದರೆ ಆಗುವುದಿಲ್ಲ. ಆ ಫರ್ಮ್‌ನ ವಿಚಿತ್ರದ ಮನುಷ್ಯರಿಗೆ ಆ ಹಂಗಿಲ್ಲ. ಅವರನ್ನು ಹಾಗೆ ಬರೆದದ್ದು ಬರೀ ನಗಿಸಲಿಕ್ಕೆ ಅಂತ ನನಗೆ ಅನ್ನಿಸುವುದಿಲ್ಲ.

ಪೂರ್ತಿ ಸೀರಿಯಲ್ ನೋಡಲು ಪುರುಸೊತ್ತಿಲ್ಲದವರು ಇದೊಂದನ್ನು ನೋಡಿ. ಆಮೇಲೆ ಕೆನಡಿ ತೀರ್ಪನ್ನೂ, ಅದಕ್ಕೆ ಜಸ್ಟಿಸ್ ಅಲಿಟೊ ಬರೆದ ಭಿನ್ನ ತೀರ್ಪನ್ನೂ ಓದಿ. ಎರಡೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಗಲ್ಲು ಬೇಕೇ ಬೇಕು ಎನ್ನುವವರು ಮೊದಲನೆಯದನ್ನು, ನನ್ನ ಥರ ಬೇಡ ಎನ್ನುವವರು ಎರಡನೆಯದನ್ನು ಮೊದಲು ಓದಿ. ಓದಿ ಬಂದವರ ಜೊತೆ ಕಾಮೆಂಟಿನಲ್ಲಿ ಎಷ್ಟು ಹೊತ್ತು ಬೇಕಾದರೂ ಜಗಳಕ್ಕೆ ನಾನು ತಯಾರು.