ಲಂಡಿ ಕ್ವಾರಿಯ ದಿವಾಳಿ ವೈಭವ

ಇಂಗ್ಲೆಂಡಿನ ಲಂಡಿ ದ್ವೀಪದ ಗ್ರಾನೈಟ್ ಲಂಡನ್ನಿನ ವಿಕ್ಟೋರಿಯಾ ಎಂಬಾಂಕ್‌ಮೆಂಟಿಗೆ ಹೋಯಿತೆಂಬ ಹಳೆಯ ಹೆಗ್ಗಳಿಕೆ ಮತ್ತೊಮ್ಮೆ ಪ್ರವಾಸಿ ಬರಹವೊಂದರಲ್ಲಿ ಕಣ್ಣಿಗೆ ಬಿತ್ತು. ಥೇಮ್ಸ್ ನದಿಯ ಆ ದಂಡೆ ಉದ್ಘಾಟನೆಯಾದದ್ದು 1870ರಲ್ಲಿ. 1863ರಲ್ಲಿ ಹುಟ್ಟಿದ ಲಂಡಿ ಗ್ರಾನೈಟ್ ಕಂಪನಿಯು ಅದಕ್ಕೆ ಎರಡು ವರ್ಷ ಮೊದಲೇ ದಿವಾಳಿಯಾಗಿತ್ತು. ಹೋಗಲಿ, ಸತ್ತ ಎಮ್ಮೆಯ ಹಾಲನ್ನು ಅಳೆದು ನೋಡುವವರು ಯಾರು?

ಐದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ, ಹಡಗು ನಿಲ್ಲಲು ನೆಟ್ಟಗೊಂದು ಬಂದರೂ ಇಲ್ಲದ ದ್ವೀಪದಲ್ಲಿ, ಟನ್ನುಗಟ್ಟಲೆ ತೂಗುವ ಸರಕಿನ ವ್ಯಾಪಾರ ಹೂಡಿದ ಆ ಮಹನೀಯರ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಅವರು ಬಿಟ್ಟುಹೋದ ಟ್ರಾಲಿ ಹಳಿಯ ಜಾಡು, ಕಲ್ಲು ಇಳಿಸುತ್ತಿದ್ದ ಇಳಿಜಾರು, ಚೂರುಗಲ್ಲಿನ ದಿಬ್ಬಗಳನ್ನು ಪುರಾತತ್ವಜ್ಞರು ಇಂದು ಶ್ರದ್ಧೆಯಿಂದ ಅಳೆದು ನಕ್ಷೆ ಬರೆಯುತ್ತಾರೆ. ನಷ್ಟದ ಬಾಬ್ತಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕಪತ್ರ ಬೇರೆಲ್ಲೂ ಸಿಗದು.

ಈ ದ್ವೀಪದ ಗಾಳಿಯಲ್ಲೇ ಏನೋ ಇರಬೇಕು. 1920ರ ದಶಕದಲ್ಲಿ ಇದನ್ನು ಕೊಂಡ ಮಾರ್ಟಿನ್ ಕೋಲ್ಸ್ ಹಾರ್ಮನ್ ಎಂಬ ಧನಿಕರು 1929ರಲ್ಲಿ ಒಂದು ಬದಿಗೆ ತಮ್ಮ ಮುಖ, ಇನ್ನೊಂದು ಬದಿಗೆ ಪಫಿನ್ ಹಕ್ಕಿ ಇರುವ ನಾಣ್ಯಗಳನ್ನೇ ಅಚ್ಚು ಹಾಕಿಸಿದರು. ಅವುಗಳ ಹೆಸರು ‘ಪಫಿನ್’ ಮತ್ತು ‘ಅರ್ಧ ಪಫಿನ್’. ನ್ಯಾಯಾಲಯ ಅವರಿಗೆ 5 ಪೌಂಡ್ ದಂಡ ವಿಧಿಸಿತು. ಅದನ್ನು ಪಫಿನ್ನುಗಳಲ್ಲಿ ಕಟ್ಟಲು ಬಿಟ್ಟಿರಲಾರದು.

ಕ್ವಾರಿಗೆ ಮರಳೋಣ. ಅಲ್ಲಿನ ಒಂದು ಗುಂಡಿಗೆ ವಿ.ಸಿ. ಕ್ವಾರಿ ಎಂದು ಹೆಸರು. 1944ರಲ್ಲಿ ನಮ್ಮ ಕೊಹಿಮಾದಲ್ಲಿ ಮಡಿದು ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ (ವಿ.ಸಿ.) ಪಡೆದ ಹಾರ್ಮನ್‌ರ ಮಗ ಜಾನ್‌ರ ಸ್ಮಾರಕಶಿಲೆ ಅಲ್ಲಿದೆ. ಆ ಶೌರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಗುಂಡಿ ತೋಡಿದವರು ಯಾರು? ಕಂಪನಿ ಕಟ್ಟಿಸಿದ ಆಸ್ಪತ್ರೆಯ ಪಾಳುಗೋಡೆಯನ್ನು ಚಿತ್ರಸಮೇತ ವರ್ಣಿಸುವ ಬರಹಗಳು, ಕಲ್ಲು ಒಡೆಯುವ ಕಡೆ ಆಸ್ಪತ್ರೆ ಏಕೆ ಬೇಕಾಗುತ್ತದೆ ಎಂದು ಕೇಳುವುದಿಲ್ಲ. ಸಮುದ್ರದ ಗಾಳಿಗೆ ಎದೆಯೊಡ್ಡಿ ಉಳಿ ಹಿಡಿದ ಒಬ್ಬನೇ ಒಬ್ಬ ಕಲ್ಲುಕುಟಿಗನ ಹೆಸರನ್ನಾದರೂ ನಾನು ಓದಿದ ಯಾವ ಪ್ರವಾಸಿ ಬರಹವೂ ಹೇಳಿಲ್ಲ. ಕಂಪನಿಯ ಹೆಸರು ಮಾತ್ರ ಪ್ರತಿ ಪುಟದಲ್ಲೂ ಇದೆ.