ವಾಟ್ಸಾಪಿಗೆ ಬಂದ ಕೆಲಸ

ಹೋದ ಮಳೆಗಾಲ ದುಬೈಯಿಂದ ರಜೆಗೆ ಸೋಮವಾರಪೇಟೆಗೆ ಬಂದಿದ್ದೆ. ಕರೆಂಟಿಲ್ಲ, ನೆಟ್‌ವರ್ಕ್ ಬಂದು ಹೋಗುತ್ತಿತ್ತು. ಅಷ್ಟರಲ್ಲೂ ಅಕ್ಕನ ಮಗನ ವಾಟ್ಸಾಪಿಗೆ ದುಬೈ ಹೋಟೆಲೊಂದರ ಆಫರ್ ಲೆಟರ್ ತಪ್ಪದೆ ಬಂತು. "ಮಾವ, ನೀವಿರೋ ಊರೇ ಅಲ್ವಾ, ನೋಡಿ" ಎಂದ. ಸೀಲು, ಸಹಿ ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: ವೀಸಾ ಖರ್ಚಿಗೆ 18,000 ರೂಪಾಯಿ ಇವತ್ತೇ ಹಾಕಬೇಕು.

ಯಾರು ಕಳಿಸಿದ್ದು? ಕುಶಾಲನಗರದ ಗೆಳೆಯ. ಅವನಿಗೆ? ಯಾವುದೋ ಗ್ರೂಪಿನಿಂದ.

ನಮ್ಮ ಕಡೆ ಕೆಲಸದ ಸುದ್ದಿ ಹರಡುವುದೇ ಹೀಗೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ತೋಟದ ಲೆಕ್ಕ ಬರೆಯುವ ರೈಟರ ಬಾಯಲ್ಲಿ. ಹೇಳಿದವರು ನೆಂಟರಾದರೆ ಅದೇ ಗ್ಯಾರಂಟಿ. ಆ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಮೋಸವಾದರೆ ಅವರ ಮನೆ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಸುಮ್ನೆ ಫಾರ್ವರ್ಡ್ ಮಾಡಿದವನನ್ನು ಏನು ಕೇಳುವುದು? ಪಾಪ, ಅವನೂ ಪೂರ್ತಿ ಓದಿರುವುದಿಲ್ಲ.

ದುಬೈಯಲ್ಲಿ ನೇಮಕದ ಖರ್ಚನ್ನು ಕೆಲಸಗಾರನಿಂದ ಕೀಳುವಂತಿಲ್ಲ, ಕಂಪನಿಯೇ ಕೊಡಬೇಕು. ಹಾಗಾಗಿ ದುಡ್ಡು ಕೇಳಿದ ಕೂಡಲೇ ನನಗೆ ವಾಸನೆ ಬಡಿಯಿತು. ನಮ್ಮ ದೇಶದಲ್ಲೂ 1983ರ ವಲಸೆ ಕಾಯ್ದೆ ಇದೆ. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ. ಅವರು ತೆಗೆದುಕೊಳ್ಳುವ ಫೀಸಿಗೂ ಮಿತಿ ಇದೆ: 30,000 ರೂಪಾಯಿ ಮತ್ತು ಜಿಎಸ್‌ಟಿ. ಆದರೆ ಊರಲ್ಲಿ ಆ ತಾಣ ತೆರೆದು ನೋಡುವವರಿಗಿಂತ "ನಮ್ಮವನೇ ಹೇಳಿದ್ದು" ಅನ್ನುವವರೇ ಜಾಸ್ತಿ.

ಹುಡುಗನಿಗೆ ಬುದ್ಧಿ ಹೇಳುವ ನಾನೂ ಒಮ್ಮೆ ಪೆಟ್ಟು ತಿಂದವನೇ. ಹಿಂದಿನ ಆಫೀಸಿನಲ್ಲಿದ್ದಾಗ ಬೇರೆ ಕಂಪನಿಯ ಜೊತೆ ಸಂಬಳದ ಮಾತನ್ನು ಆಫೀಸಿನ ಮೇಲ್‌ನಿಂದಲೇ ಆಡಿದ್ದೆ. ಒಂದು ದಿನ ಮ್ಯಾನೇಜರ್ ಚಹಾ ಕುಡಿಯುತ್ತಾ, "ಎಷ್ಟು ಕೊಡುತ್ತಾರಂತೆ?" ಎಂದು ನಕ್ಕರು. ಮೇಲ್ ಅವರದು, ಲ್ಯಾಪ್‌ಟಾಪ್ ಅವರದು, ಗುಟ್ಟು ಮಾತ್ರ ನನ್ನದು ಅಂದುಕೊಂಡಿದ್ದೆ. ಅಂದಿನಿಂದ ಇಂಥ ಮಾತಿಗೆಲ್ಲ ಸ್ವಂತ ಮೇಲ್, ಸ್ವಂತ ಫೋನ್. ಲೆಟರಿನಲ್ಲಿರುವ ನಂಬರಿಗೆ ಫೋನ್ ಮಾಡುವುದಿಲ್ಲ. ಕಂಪನಿಯ ತಾಣ ನಾನೇ ಹುಡುಕಿ, ಅಲ್ಲಿರುವ ನಂಬರಿಗೆ ಮಾಡುತ್ತೇನೆ.

ಅವತ್ತೂ ಹಾಗೇ ಮಾಡಿದೆವು. ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಒಂದೇ ಕೊಡೆಯಲ್ಲಿ ಇಬ್ಬರೂ ನಿಂತು ಹೋಟೆಲಿಗೆ ಫೋನ್ ಹಚ್ಚಿದೆವು. ಅಂಥ ಲೆಟರನ್ನು ತಾವು ಕಳಿಸಿಯೇ ಇಲ್ಲ ಅಂದರು.

ಹುಡುಗ ಗೆಳೆಯನಿಗೆ ಹೇಳಲು ಹಿಂಜರಿದ. ಒತ್ತಾಯ ಮಾಡಿ ಹೇಳಿಸಿದೆ. ಆ ಗೆಳೆಯ ಬೆಳಿಗ್ಗೆಯೇ ದುಡ್ಡು ಹಾಕಿಯಾಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು ಎಂದು ಅದೇ ಗೇಟಿನ ಹತ್ತಿರ ನಿಂತು ಅವನಿಗೆ ತಿಳಿಸಿದೆವು.