ನನ್ನ ಸಾಜುವಿನಲ್ಲಿ ಮರವಿಲ್ಲ

ಹೋದ ವಾರ ಗೆಳತಿಯೊಬ್ಬಳು ಒಂದು ರೀಲ್ ಕಳಿಸಿದ್ದಳು. "ನಿಮ್ಮ ಕೊರಿಯನ್ ರಾಶಿ ಯಾವುದು?" ಅಂತ. ಇಲಿ, ಎತ್ತು, ಹುಲಿ ಅಂತ ಹನ್ನೆರಡು ಪ್ರಾಣಿಗಳ ಸಾಲು, ಒಂದೊಂದಕ್ಕೂ ಎರಡೆರಡು ವಾಕ್ಯದ ಗುಣಗಾನ. ಸಿಯೋಲ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದವಳಿಗೆ ಸುಮ್ಮನಿರೋಕೆ ಆಗಲಿಲ್ಲ. ರಾಶಿ ಅಲ್ಲ ಕಣ್ರೀ ಅದು. ಅಲ್ಲಿ ರಾಶಿಯೂ ಇಲ್ಲ, ಶನಿ ಗುರು ರಾಹು ಯಾರೂ ಇಲ್ಲ. ಇರೋನು ಸೂರ್ಯನೊಬ್ಬ, ಅವನೂ ಗಡಿಯಾರದ ಮುಳ್ಳಾಗಿ ಅಷ್ಟೇ.

ಅದರ ಹೆಸರು ಸಾಜು. ಸಾ ಅಂದರೆ ನಾಲ್ಕು, ಜು ಅಂದರೆ ಕಂಬ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಇವೇ ನಾಲ್ಕು ಕಂಬ. ಒಂದೊಂದು ಕಂಬಕ್ಕೆ ಮೇಲೊಂದು ಕೆಳಗೊಂದು ಚೀನೀ ಅಕ್ಷರ, ಒಟ್ಟು ಎಂಟು. ಆ ಎಂಟಕ್ಕೆ ಪಲ್ಜಾ ಅಂತಾರೆ, ಚೀನಾದಲ್ಲಿ ಬಾಜಿ. "ಎಲ್ಲ ನನ್ನ ಪಲ್ಜಾ" ಅಂತ ಕೊರಿಯಾದ ಹೆಂಗಸರು ನಿಟ್ಟುಸಿರು ಬಿಡೋದನ್ನು ಕೇಳಿದರೆ ನಮ್ಮ ಹಣೆಬರಹ ನೆನಪಾಗುತ್ತೆ. ನಮ್ಮ ಬ್ರಹ್ಮ ಎಷ್ಟಕ್ಷರ ಬರೀತಾನೋ ಗೊತ್ತಿಲ್ಲ, ಅವರದ್ದು ಎಣಿಸಿ ಎಂಟು.

ಮೇಲಿನ ಅಕ್ಷರಗಳು ಹತ್ತು, ಕೆಳಗಿನವು ಹನ್ನೆರಡು. ರೀಲ್‌ನ ಪ್ರಾಣಿಗಳು ಈ ಹನ್ನೆರಡೇ, ವರ್ಷಕ್ಕೊಂದು, ಎರಡೆರಡು ಗಂಟೆಯ ಹೊತ್ತಿಗೂ ಒಂದು. ಜೋಡಿ ಕಟ್ಟುತ್ತಾ ಹೋದರೆ 60ಕ್ಕೆ ಒಂದು ಸುತ್ತು, ನಮ್ಮ ಪ್ರಭವ ವಿಭವಗಳ ಹಾಗೆಯೇ. ಅವರ ಈಗಿನ ಸುತ್ತು ಶುರುವಾದದ್ದು 1984ರಲ್ಲಿ, ನಮ್ಮ ಪ್ರಭವ ಬಂದದ್ದು 1987ರಲ್ಲಿ. ಅಕ್ಷರಗಳಿಗೆಲ್ಲ ಮರ, ಬೆಂಕಿ, ಮಣ್ಣು, ಲೋಹ, ನೀರು ಅಂತ ಪಾಲು ಹಂಚಿಟ್ಟಿದ್ದಾರೆ. ಸಾಜು ನೋಡುವಾಗ ವರ್ಷ ಬದಲಾಗೋದು ಜನವರಿ 1ಕ್ಕೂ ಅಲ್ಲ, ಅವರ ಚಾಂದ್ರ ಹೊಸ ವರ್ಷಕ್ಕೂ ಅಲ್ಲ, ಸೂರ್ಯನ ಲೆಕ್ಕದಲ್ಲಿ ಫೆಬ್ರವರಿ 4ರ ಆಸುಪಾಸಿಗೆ. ನಾನು ಹುಟ್ಟಿದ್ದು 1991ರ ಜನವರಿ 28. ರೀಲ್ ಪ್ರಕಾರ ಕುರಿ, ಸಾಜು ಪ್ರಕಾರ ಇನ್ನೂ 1990ರ ಬಿಳಿ ಕುದುರೆ (ಮೇಲಕ್ಷರ ಲೋಹದ್ದು, ಲೋಹದ ಬಣ್ಣ ಬಿಳಿ). ಈ ಕುದುರೆ ವಿಷಯ ಆಮೇಲೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಸಿಯೋಲ್‌ನ ಹೊಂಗ್‌ದೇ ಕಡೆ ಸಾಜು ಕೆಫೆಗಳು ಇವೆ. ಚಹಾ ಕುಡೀತಾ ಭವಿಷ್ಯ ಕೇಳೋದು. ಆಫೀಸಿನ ಒನ್ನಿ (ಅಕ್ಕ ಅಂತ ಅರ್ಥ, ನನಗಿಂತ ಹತ್ತು ತಿಂಗಳು ದೊಡ್ಡವಳು ಅಷ್ಟೇ, ಆದರೂ ಅಲ್ಲಿ ಅಕ್ಕನೇ) ಎಳೆದುಕೊಂಡು ಹೋದಳು. ಎದುರಿಗೆ ಅರವತ್ತು ದಾಟಿದ ಹೆಂಗಸು. ಮೊಬೈಲಿನಲ್ಲಿ ಅವರ ಪಂಚಾಂಗದ ಆ್ಯಪ್ ತೆಗೆದು, ಕಾಗದದ ಮೇಲೆ ಬಲದಿಂದ ಎಡಕ್ಕೆ ಎಂಟಕ್ಷರ ಬರೆದು, ಬಣ್ಣದ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. ಮರಕ್ಕೆ ಹಸಿರು, ಬೆಂಕಿಗೆ ಕೆಂಪು, ಮಣ್ಣಿಗೆ ಹಳದಿ. ನನ್ನ ಕಾಗದದಲ್ಲಿ ಎಂಟರಲ್ಲಿ ಮೂರು ಹಳದಿ.

ದಿನದ ಕಂಬದ ಮೇಲಕ್ಷರವೇ "ನಾನು". ಹಿಂದೆ ವರ್ಷವೇ ಮುಖ್ಯವಾಗಿತ್ತಂತೆ, ಸೋಂಗ್ ರಾಜವಂಶದ ಕಾಲದ ಶೂ ಜಿಪಿಂಗ್ ಹೆಸರಿನ ಪದ್ಧತಿ ಅದನ್ನು ದಿನಕ್ಕೆ ತಂದಿತು. "ನೀನು ಹೊಲದ ಮಣ್ಣು," ಅಂದರು ಆಕೆ. "ಹದವಾದ ಮಣ್ಣು, ಬಿತ್ತಿದ್ದು ಬೆಳೆಯುತ್ತೆ. ಹೊತ್ತಿನ ಕಂಬದಲ್ಲಿ ದೊಡ್ಡ ಮರ ಇದೆ. ಗಂಡ ತಡವಾಗಿ ಬರ್ತಾನೆ, ಆದರೆ ನೆಟ್ಟಗಿರೋ ಮನುಷ್ಯ." ಮಣ್ಣನ್ನು ಬೇರು ಬಿಟ್ಟು ಹಿಡಿಯೋದು ಮರ. ಹೆಣ್ಣಿನ ಸಾಜುವಿನಲ್ಲಿ ಅವಳನ್ನು ಹಿಡಿತದಲ್ಲಿಡೋದು ಯಾವುದೋ ಅದೇ ಗಂಡ. ಗಂಡಿನ ಸಾಜುವಿನಲ್ಲಿ ಅವನು ಹಿಡಿತದಲ್ಲಿಟ್ಟಿರೋದು ಹೆಂಡತಿ, ಅದೇ ಜಾಗದಲ್ಲಿ ಅವನ ದುಡ್ಡೂ ಇರುತ್ತೆ. ಇದನ್ನು ಒನ್ನಿ ಅನುವಾದ ಮಾಡುವಾಗ ಕಣ್ಣು ಹೊರಳಿಸಿದಳು.

ಆಗ ನನಗೆ ಮದುವೆಯಾಗಿ ಎರಡು ವರ್ಷ. ಗಂಡ ಬೆಂಗಳೂರಿನಲ್ಲಿ. ಕಾಲುಂಗುರ ಸಾಕ್ಸ್ ಒಳಗಿತ್ತು, ಅದನ್ನು ನೋಡಲು ಆಕೆಗೆ ದಾರಿ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಒನ್ನಿ ಹೆಮ್ಮೆಯಿಂದ, ನನ್ನ ರಾತ್ರಿ 9:10ನ್ನು ತಾನೇ ಕೊರಿಯಾ ಸಮಯಕ್ಕೆ ತಿರುಗಿಸಿ, ಮೂರೂವರೆ ಗಂಟೆ ಸೇರಿಸಿ, 29ರ ನಡುರಾತ್ರಿ 12:40 ಅಂತ ಕೊಟ್ಟಿದ್ದಾಗಿ ಹೇಳಿದಳು. ಆಕೆ ಲೊಚಗುಟ್ಟಿದರು. ಲೆಕ್ಕ ಹುಟ್ಟಿದೂರಿನ ಹೊತ್ತಿನದ್ದಂತೆ. ಹೊಸ ಕಾಗದ ಬಂತು. 29 ಹೋಗಿ 28 ಆಯ್ತು, ಹೊಲದ ಮಣ್ಣು ಹೋಗಿ ಬೆಟ್ಟವಾದೆ. ಮರ ಮಾಯ. "ಇಲ್ಲ ಇಲ್ಲ, ಇದೆ," ಅಂತ ಹೊತ್ತಿನ ಕಂಬದ ಕೆಳಗಿದ್ದ ಹಂದಿಯನ್ನು ತೋರಿಸಿದರು. ಹಂದಿಯೊಳಗೆ ಒಂದು ಮರ ಅಡಗಿರುತ್ತಂತೆ. ಗಂಡ ಇದ್ದಾನೆ, ಕಾಣಿಸ್ತಿಲ್ಲ ಅಷ್ಟೇ. ನಿಜ ಹೇಳ್ತೀನಿ, ಆ ಒಂದು ಕ್ಷಣ ಸಾಕ್ಸ್ ಒಳಗಿನ ಕಾಲುಂಗುರ ನೆನಪಾಗಿ ಮೈ ಜುಂ ಅಂತು.

ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ನಾನು ಇಂಜಿನಿಯರ್. ಕೊರಿಯಾದ ಗಡಿಯಾರ ನಿಂತಿರೋದು 135 ಡಿಗ್ರಿ ರೇಖಾಂಶದ ಮೇಲೆ, ಸಿಯೋಲ್ ಇರೋದು 127ರಲ್ಲಿ. ಹಾಗಾಗಿ ಅಲ್ಲಿ ಎಷ್ಟೋ ಜನ ಇಲಿಯ ಹೊತ್ತನ್ನು 11ರ ಬದಲು 11:30ಕ್ಕೆ ಶುರು ಮಾಡ್ತಾರೆ. ನಮ್ಮಲ್ಲೂ ಅದೇ ಕಥೆ ಅಲ್ವಾ ಅಂದೆ. ನಮ್ಮ ಗಡಿಯಾರ 82.5 ಡಿಗ್ರಿಯದ್ದು, ನಾನು ಹುಟ್ಟಿದ ಶಿವಮೊಗ್ಗ 75.5ರ ಹತ್ತಿರ, ಅಂದರೆ 28 ನಿಮಿಷ ಕಳೀಬೇಕು. ಆಕೆ ಖುಷಿಯಿಂದ ಕಳೆದರು. 8:42. ಹಂದಿಯ ಹೊತ್ತು ಶುರುವಾಗೋದೇ ಒಂಬತ್ತಕ್ಕೆ, ಅದಕ್ಕೂ ಮುಂಚಿನದ್ದು ನಾಯಿಯದ್ದು. ನಾಯಿಯೊಳಗೆ ಯಾವ ಮರವೂ ಇಲ್ಲ. ಮೂರನೇ ಕಾಗದದಲ್ಲಿ ಎಂಟರಲ್ಲಿ ಐದು ಹಳದಿ, ಹಸಿರು ಸೊನ್ನೆ.

ಅರ್ಧ ಗಂಟೆಯೊಳಗೆ ಮೂರು ಜಾತಕ, ಮೂರು ಥರದ ಗಂಡ. ಇಷ್ಟಕ್ಕೂ ಆ 9:10 ಅನ್ನೋದು ಆಸ್ಪತ್ರೆಯ ಗೋಡೆ ಗಡಿಯಾರ ನೋಡಿ ಅಜ್ಜ ಡೈರಿಯಲ್ಲಿ ಬರೆದಿಟ್ಟದ್ದು. ಗಡಿಯಾರ ಸರಿಯಾಗಿತ್ತೋ ಇಲ್ಲವೋ ಅಂತ ನೋಡಿದವರು ಯಾರು?

ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ಈ ರಗಳೆ ಬೇರೆ ಥರದ್ದು. ಅದು ನಿಜಕ್ಕೂ ನಮ್ಮ ದಾಯಾದಿ. ಹೋರಾ, ಕೇಂದ್ರ, ದ್ರೇಕ್ಕಾಣ ಎಲ್ಲ ಗ್ರೀಕ್ ಮೂಲದ ಮಾತುಗಳು. ವರಾಹಮಿಹಿರ ಮೇಷ ವೃಷಭಗಳಿಗೆ ಕ್ರಿಯ, ತಾವುರಿ ಅಂತ ಗ್ರೀಕ್ ಹೆಸರುಗಳನ್ನೂ ಕೊಟ್ಟಿದ್ದಾನೆ. ದಾಯಾದಿಗಳ ಜಗಳ ಸುಮಾರು 24 ಡಿಗ್ರಿಯದ್ದು: ಅವರು ವಿಷುವತ್ತಿನಿಂದ (ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರೋ ಜಾಗ) ಎಣಿಸ್ತಾರೆ, ನಾವು ನಕ್ಷತ್ರದಿಂದ. ಹಾಗಾಗಿ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಅಕ್ವೇರಿಯಸ್, ಒಂಟಿಕೊಪ್ಪಲ್ ಪಂಚಾಂಗ ಹಿಡಿದರೆ ಸೂರ್ಯ ಇನ್ನೂ ಮಕರದಲ್ಲೇ, ನನ್ನದು ಪುನರ್ವಸು ನಕ್ಷತ್ರ, ಮಿಥುನ ರಾಶಿ. ಪತ್ರಿಕೆಯ ಹನ್ನೆರಡು ಸೂರ್ಯರಾಶಿಗಳ ಅಂಕಣವೇನೂ ಬಾಬಿಲೋನಿನ ಕಾಲದ್ದಲ್ಲ. 1930ರಲ್ಲಿ ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಸಂಡೇ ಎಕ್ಸ್‌ಪ್ರೆಸ್‌ನಲ್ಲಿ ಆರ್. ಎಚ್. ನೇಲರ್ ಅವಳ ಜಾತಕ ಬರೆದ ಮೇಲೆ ಹಬ್ಬಿದ ಚಟ ಅದು. ಇವತ್ತು ಅದು ನಿನ್ನ ಸ್ವಭಾವ ಹೀಗೆ ಅಂತ ಬೆನ್ನು ತಟ್ಟಿ ಕಳಿಸುತ್ತೆ. ಅಕ್ವೇರಿಯಸ್ ಅಂತ ಹೇಳಿದ್ದಕ್ಕೆ ಯಾರ ಮದುವೆಯೂ ಮುರಿದದ್ದು ನಾನು ಕಂಡಿಲ್ಲ. (ಬುಧ ವಕ್ರಿಯಾದ ಅಂದರೆ ಅಜ್ಜಿಯ ಗೊಡ್ಡು ಮಾತು, ಮರ್ಕ್ಯುರಿ ರೆಟ್ರೋಗ್ರೇಡ್ ಅಂದರೆ ಇಂದಿರಾನಗರದ ಫ್ಯಾಷನ್. ಇರಲಿ.)

ಬರೀ ಲೆಕ್ಕದ ಚಂದಕ್ಕೆ ಕೇಳಿದರೆ ನನಗೆ ಸಾಜುವೇ ಇಷ್ಟ. ಕಾಣದ ಗ್ರಹದ ಮೇಲೆ ತಪ್ಪು ಹೊರಿಸಲ್ಲ, ನೀನು ಹುಟ್ಟಿದ್ದು ಯಾವ ಋತುವಿನಲ್ಲಿ, ಚಳಿಯೆಷ್ಟು, ನೀರೆಷ್ಟು ಅಂತ ರೈತನ ಥರ ಮಾತಾಡುತ್ತೆ. ಆದರೆ "ಸಾಜು ಅಂಕಿಅಂಶಗಳ ಶಾಸ್ತ್ರ" ಅಂತ ಅಲ್ಲಿ ಓದಿದವರೂ ಹೇಳ್ತಾರೆ, ಅದು ಮಾತ್ರ ಒಪ್ಪಲ್ಲ. ಒಟ್ಟು ಸಾಧ್ಯತೆ 60×12×60×12, ಅಂದರೆ 5,18,400. ಕೊರಿಯಾದ ಐದು ಕೋಟಿ ಚಿಲ್ಲರೆ ಜನರನ್ನು ಹಂಚಿದರೆ ಒಂದೊಂದಕ್ಕೆ ನೂರು ಜನ. ಆ ನೂರು ಜನರನ್ನು ಕೂರಿಸಿಕೊಂಡು ಲೆಕ್ಕ ಬರೆದಿಟ್ಟವರು ಯಾರು?

ಈಗ ಕುದುರೆ. ಬೆಂಕಿ ಕುದುರೆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ತಿಂದುಕೊಳ್ಳುತ್ತಾಳೆ ಅಂತ ಜಪಾನಿನಲ್ಲಿ ನಂಬಿಕೆ. ಪ್ರೀತಿಯ ಹುಚ್ಚಿನಲ್ಲಿ ಎದೋ ಪಟ್ಟಣಕ್ಕೆ (ಈಗಿನ ಟೋಕಿಯೋ) ಬೆಂಕಿಯಿಟ್ಟಳೆಂದು 1683ರಲ್ಲಿ ಸುಡಿಸಿಕೊಂಡ ಓಶಿಚಿ ಎಂಬ ಹುಡುಗಿ ಅಂಥ ವರ್ಷದಲ್ಲೇ ಹುಟ್ಟಿದವಳು ಅಂತ ಕಥೆ. 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ. ಬೆಂಕಿ ಕುದುರೆಯ 1966ರಲ್ಲಿ 13.6 ಲಕ್ಷ. 1967ರಲ್ಲಿ ಮತ್ತೆ 19.4 ಲಕ್ಷ. ಟೀವಿ, ಬುಲೆಟ್ ಟ್ರೇನು ಎಲ್ಲ ಬಂದಿದ್ದ ದೇಶ ಅದು.

ಕೊರಿಯಾದಲ್ಲಿ ಕುದುರೆ ವರ್ಷದ ಹೆಣ್ಣಿನ ಪಲ್ಜಾ ಬಲು ಒರಟು ಅಂತ ನಂಬಿಕೆ, ಅದರಲ್ಲೂ ಬಿಳಿ ಕುದುರೆ ಅಂದರೆ ಮುಗೀತು. 1990ರ ಹೊತ್ತಿಗೆ ಸ್ಕ್ಯಾನಿಂಗ್ ಬಂದಿತ್ತು. ಗಂಡುಮಕ್ಕಳ ಹಂಬಲ ಮೊದಲೇ ಇತ್ತು, ಅದರ ಮೇಲೆ ಕುದುರೆ ಕೂತಿತು. ಆ ವರ್ಷ 100 ಹೆಣ್ಣುಮಕ್ಕಳಿಗೆ 116.5 ಗಂಡುಮಕ್ಕಳು ಹುಟ್ಟಿದರು. ಪ್ರಕೃತಿಗೆ ಬಿಟ್ಟರೆ ಆ ಸಂಖ್ಯೆ 105ರ ಆಸುಪಾಸು. ಒನ್ನಿ 1990ರ ಮಾರ್ಚ್‌ನವಳು. ಪ್ರೈಮರಿಯಲ್ಲಿ ಒಂದು ಬೆಂಚಿಗೆ ಒಬ್ಬ ಹುಡುಗ ಒಬ್ಬಳು ಹುಡುಗಿ ಅಂತ ಕೂರಿಸೋರಂತೆ. ಹಿಂದಿನ ಮೂರು ಬೆಂಚುಗಳಲ್ಲಿ ಯಾವಾಗಲೂ ಹುಡುಗನ ಪಕ್ಕ ಹುಡುಗ. "ಆ ಜಾಗದ ಹುಡುಗೀರು ಎಲ್ಲಿ ಅಂತ ಆಗ ನಂಗೆ ಹೊಳೀಲೇ ಇಲ್ಲ," ಅಂದಳು.

ಇದನ್ನು ಕೇಳಿ ಅಯ್ಯೋ ಅನ್ನೋ ಮೊದಲು ನಮ್ಮ ಕಡೆಯದ್ದೂ ನೆನಪಿರಲಿ. ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಒಂದು ಮನೆತನದ ಒಬ್ಬೊಬ್ಬರಿಗೂ ಒಂದೊಂದು ನಕ್ಷತ್ರದ ಸೊಸೆ ಅಪಾಯ. ಇದಕ್ಕೆ ಎದುರಾಗಿ, ಮಗಳಿಗೆ ಆಗಿಬರದ ಅಳಿಯನ ನಕ್ಷತ್ರದ ಗಾದೆ ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಸಾಜುವಿನಲ್ಲಿ ಹತ್ತತ್ತು ವರ್ಷದ ದಶೆಗಳಿವೆ, ಅವು ಹುಟ್ಟಿದ ತಿಂಗಳಿನಿಂದ ಮುಂದಕ್ಕೋ ಹಿಂದಕ್ಕೋ ನಡೆಯುತ್ತವೆ. ವರ್ಷಗಳು ಒಂದು ಬಿಟ್ಟು ಒಂದು ಧನ, ಋಣ (ಅವರ ಯಾಂಗ್, ಯಿನ್). ನನ್ನಂಥ ಧನ ವರ್ಷದಲ್ಲಿ ಗಂಡಿಗೆ ಮುಂದಕ್ಕೆ, ಹೆಣ್ಣಿಗೆ ಹಿಂದಕ್ಕೆ. ಋಣ ವರ್ಷದಲ್ಲಿ ಉಲ್ಟಾ, ಅಲ್ಲಿ ಅನ್ಯಾಯ ಸಮಪಾಲು, ಅದನ್ನೂ ಹೇಳಬೇಕು. ಆದರೆ ಅದೇ ರಾತ್ರಿ ಅದೇ ಹೊತ್ತಿಗೆ ನನ್ನ ಜೊತೆ ಅವಳಿ ತಮ್ಮನೊಬ್ಬ ಹುಟ್ಟಿದ್ದಿದ್ದರೆ ಅವನು ಜನವರಿಯಿಂದ ವಸಂತದ ಕಡೆ, ಮರಗಳ ಕಡೆ ನಡೀತಿದ್ದ. ನಾನು ವಾಪಸ್ ಚಳಿಗಾಲಕ್ಕೆ.

2026 ಮತ್ತೆ ಬೆಂಕಿ ಕುದುರೆಯ ವರ್ಷ. ಕುದುರೆಗೆ ಹೆದರೋಕೂ ಮಕ್ಕಳಾಗಬೇಕಲ್ಲ, ಎರಡೂ ದೇಶಗಳಲ್ಲಿ ಈಗ ಅದೇ ಕಡಿಮೆ.

ಆವತ್ತು ಮೂವತ್ತು ಸಾವಿರ ವೋನ್ ಕೊಟ್ಟು ಎದ್ದಾಗ ಆಕೆ ಕನಿಕರದಿಂದ, ಹಸಿರು ಬಟ್ಟೆ ಹಾಕು, ಮೇಜಿನ ಮೇಲೆ ಗಿಡ ಇಟ್ಟುಕೋ ಅಂದರು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಗಂಡ ಇಲ್ವಂತಾ? ಮತ್ತೆ ಇಲ್ಲಿ ಸೋಫಾ ಮೇಲೆ ಕೂತು ಅಕ್ಕಿ ರೊಟ್ಟಿ ತಿಂತಿರೋರು ಯಾರೇ?" ಅಂದರು ಅಮ್ಮ. ಶನಿವಾರ, ಇವರು ಊರಿಗೆ ಹೋಗಿದ್ದರು. ಆಮೇಲೆ ಸ್ವಲ್ಪ ತಡೆದು, "ಗಿಡ ಇಡೋದಾದ್ರೆ ಬಿದಿರೇ ಇಡು ಪುಟ್ಟಿ. ಪುನರ್ವಸುಗೆ ಬಿದಿರು."

ಎರಡು ಕಡೆಯ ಶಾಸ್ತ್ರವೂ ಒಂದೇ ಕುಂಡದಲ್ಲಿ ಮುಗಿದರೆ ಒಳ್ಳೆಯದೇ ಅಂತ ಮಾರನೇ ದಿನ ಒಂದು ಲಕ್ಕಿ ಬ್ಯಾಂಬೂ ತಂದೆ. ಆಮೇಲೆ ಗೊತ್ತಾಯ್ತು, ಅದು ಬಿದಿರೇ ಅಲ್ವಂತೆ. ಡ್ರಸೀನಾ ಅಂತ ಬೇರೆಯೇ ಜಾತಿ.